ರುಜು ಆಮೇಲೆ, ಮೊದಲು ಆಟ ನೋಡು

ಜಪಾನಿನ ಹೆಣ್ಣುಮಕ್ಕಳ ಕುಸ್ತಿಯ ಕಾರ್ಡು ಕೂಡಿಹಾಕಬೇಕು, ಅದೂ ಅವರೇ ಕೈಯಾರೆ ರುಜು ಹಾಕಿದ್ದೇ ಬೇಕು ಅಂತ ಹಟ ಹಿಡಿದಿದ್ದೀಯಲ್ಲ, ಹಿಡಿ. ವಯನಾಡಿನ ಮೂಲೆಯಲ್ಲಿ ಕೂತು ಟೋಕಿಯೊದ ಆಟಗಾರ್ತಿಯನ್ನು ಮೆಚ್ಚಿದರೆ ತಪ್ಪೇನಿಲ್ಲ. ನಿನ್ನ ಆಸೆ ಚೆನ್ನಾಗಿದೆ, ಕಣ್ಣೂ ಚುರುಕಾಗಿದೆ. ಆದರೆ ಆತುರ ಮಾತ್ರ ಮೈತುಂಬ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಮೊಬೈಲ್ ಕೆಳಗಿಟ್ಟು ಕೇಳು ಮಗು.

ಮೊದಲು ಆಟ ತಿಳಿದುಕೋ. ಅಲ್ಲಿ ಇದು ನಿನ್ನೆ ಮೊನ್ನೆಯದಲ್ಲ. ಆಲ್ ಜಪಾನ್ ವಿಮೆನ್ಸ್ ಅನ್ನುವ ಕಂಪನಿ 1968ರಿಂದ 2005ರವರೆಗೆ ಕುಸ್ತಿ ನಡೆಸಿತು. 1980ರ ದಶಕದಲ್ಲಿ ಚಿಗುಸಾ ನಾಗಾಯೊ, ಲಯನೆಸ್ ಅಸುಕಾ ಜೋಡಿ ಕಣಕ್ಕಿಳಿದರೆ ಶಾಲೆಯ ಹುಡುಗಿಯರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಈಗ ಹೆಸರು ಮಾಡಿರುವುದು 2010ರಲ್ಲಿ ಹುಟ್ಟಿದ ಇನ್ನೊಂದು ಕಂಪನಿ ಸ್ಟಾರ್‌ಡಮ್. ನೀನು ಡಬ್ಲ್ಯುಡಬ್ಲ್ಯುಇಯಲ್ಲಿ ನೋಡುವ ಇಯೊ ಸ್ಕೈ ಅಲ್ಲೇ ಮಿಂಚಿ ಬಂದವಳು. ಬಿಬಿಎಂ ಕಂಪನಿ ‘ಟ್ರೂ ಹಾರ್ಟ್’ ಹೆಸರಲ್ಲಿ ಈ ಹೆಣ್ಣುಮಕ್ಕಳ ಕಾರ್ಡು ಅಚ್ಚು ಹಾಕುತ್ತದೆ. ಇಷ್ಟೂ ತಿಳಿಯದೆ ಬರೀ ಬೆಲೆ ನೋಡಿ ಕೊಂಡರೆ ಅದು ಸಂಗ್ರಹವಲ್ಲ, ಸಂತೆ.

ಎರಡನೆಯದು, ಬೆಳ್ಳಗಿರುವುದೆಲ್ಲ ಹಾಲಲ್ಲ. ರುಜುವಿನಲ್ಲೂ ಅಚ್ಚಿನದು ಬೇರೆ, ಕೈಯದು ಬೇರೆ. ಭೂತಗನ್ನಡಿ ಹಿಡಿದು ನೋಡು: ಅಚ್ಚಾದ ರುಜು ಸಾಮಾನ್ಯವಾಗಿ ಚಿತ್ರದ ಹಾಗೆಯೇ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತದೆ. ಪೆನ್ನಿನ ಶಾಯಿ ಚಿತ್ರದ ಮೇಲೆ ಕೂತಿರುತ್ತದೆ. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಯ ಮೇಲೆ ಗೆರೆ ಹಾದ ಕಡೆ ಬಣ್ಣ ಗಾಢವಾಗಿ ತೋರುತ್ತದೆ. ಮಾರುವವನು ಬರೀ ಒಂದು ಮಸುಕು ಫೋಟೋ ಕಳಿಸಿ ‘ಬೇಗ ದುಡ್ಡು ಹಾಕು’ ಅಂದನೋ, ಅಲ್ಲೇ ಕೈಮುಗಿದು ಬಿಡು. ಸಾಗಣೆ, ಕಸ್ಟಮ್ಸ್ ಸುಂಕ ಎಲ್ಲ ಕೂಡಿಸಿ ಲೆಕ್ಕ ಹಾಕು. ಸಾಲ ಮಾಡಿ ಮಾತ್ರ ಕೊಳ್ಳಬೇಡ.

ಮೂರನೆಯದು, ನಮ್ಮೂರ ಮಳೆ. ಈ ಊರಿನಲ್ಲಿ ಎಷ್ಟು ಮನೆಗಳ ಮದುವೆ ಫೋಟೋ ಬೂಷ್ಟು ಹಿಡಿದು ಹಾಳಾದದ್ದು ಕಂಡಿದ್ದೇನೆ! ಕಾರ್ಡೂ ಕಾಗದವೇ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಾಳಿಯಾಡದ ಡಬ್ಬಿಗೆ ಹಾಕು. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡು, ಆಗಾಗ ಬದಲಿಸು. ಗೋಡೆಗೆ ತಗುಲಿಸಿ ಬಿಸಿಲಿಗೆ ಒಡ್ಡಿದರೆ ರುಜು ಮಾಸಿಹೋಗುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಸ್ಟಾರ್‌ಡಮ್‌ನಲ್ಲಿ ಹನಾ ಕಿಮುರಾ ಅಂತ ಒಬ್ಬಳಿದ್ದಳು. ಟಿವಿ ಕಾರ್ಯಕ್ರಮವೊಂದರಲ್ಲಿ ಅವಳು ಸಿಟ್ಟಾದದ್ದನ್ನು ನೋಡಿ ಜನ ಜಾಲತಾಣದಲ್ಲಿ ಬಾಯಿಗೆ ಬಂದಂತೆ ಬೈದರು. 2020ರ ಮೇ 23ರಂದು ಅವಳು ತೀರಿಕೊಂಡಳು, ಬರೀ 22 ವರ್ಷ. ಆಮೇಲೆ 2022ರಲ್ಲಿ ಜಪಾನ್ ಅವಮಾನದ ಮಾತಿಗೆ ಶಿಕ್ಷೆ ಬಿಗಿ ಮಾಡಿತು. ಕಣದಲ್ಲಿ ಕೆಟ್ಟವಳ ವೇಷ ಹಾಕಿದವಳೂ ಒಬ್ಬ ತಾಯಿಯ ಮಗಳೇ. ಅವಳ ಕಾರ್ಡು ನಿನ್ನ ಕೈಗೆ ಬಂದರೆ ಎಷ್ಟಕ್ಕೆ ಹೋದೀತು ಅಂತ ಕೇಳಬೇಡ, ಜೋಪಾನ ಮಾಡು. ನೀನೂ ಯಾವ ಆಟಗಾರ್ತಿಗೂ ಒಂದು ಕೆಟ್ಟ ಮಾತು ಬರೆಯಬೇಡ.

ಕೊನೆಗೆ, ಹಿತ್ತಲ ಗಿಡವನ್ನೂ ನೋಡು. ನಮ್ಮ ಮಾನಂದವಾಡಿಯ ಮಿನ್ನು ಮಣಿ ಗದ್ದೆಯಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡಿ ಬೆಳೆದ ಕುರಿಚ್ಯ ಬುಡಕಟ್ಟಿನ ಹುಡುಗಿ. 2023ರ ಜುಲೈ 9ರಂದು ಮೀರ್‌ಪುರದಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿ, ಮೊದಲ ಓವರಿನಲ್ಲೇ ವಿಕೆಟ್ ಕಿತ್ತಳು. ಊರಿನವರು ಮೈಸೂರು ರಸ್ತೆಯ ಜಂಕ್ಷನ್ನಿಗೆ ಅವಳ ಹೆಸರನ್ನೇ ಇಟ್ಟರು. ಅದೇ ಮಾನಂದವಾಡಿಯ ಸಜನಾ ಸಜೀವನ್ 2024ರ ಫೆಬ್ರವರಿ 23ರಂದು ಬೆಂಗಳೂರಿನಲ್ಲಿ ಮುಂಬೈ ಇಂಡಿಯನ್ಸ್ ಪರ ಇಳಿದಾಗ ಉಳಿದಿದ್ದು ಒಂದೇ ಎಸೆತ, ಬೇಕಿದ್ದದ್ದು ಐದು ರನ್. ಆ ಒಂದೇ ಎಸೆತವನ್ನು ಸಿಕ್ಸರ್ ಎತ್ತಿ ಗೆಲ್ಲಿಸಿದಳು. ಇವರ ರುಜು ನಿನ್ನ ಹತ್ತಿರ ಇದೆಯೇ?

ಇಲ್ಲ ತಾನೇ? ಹಾಗಾದರೆ ನಮ್ಮ ವಯನಾಡಿನ ಕೃಷ್ಣಗಿರಿಯ ಮೈದಾನದಲ್ಲಿ ಹೆಣ್ಣುಮಕ್ಕಳ ಪಂದ್ಯ ಇದ್ದಾಗ ಹೋಗು. ಕೊನೆಯ ಚೆಂಡಿನವರೆಗೂ ಕೂತು ನೋಡು, ಚಪ್ಪಾಳೆ ತಟ್ಟು. ಅವರು ದಣಿವಾರಿಸಿಕೊಂಡ ಮೇಲೆ ವಿನಯದಿಂದ ಪುಸ್ತಕ ಚಾಚು. ಹಾಕಿದರೆ ಸಂತೋಷ, ಆಗದು ಅಂದರೆ ನಗುತ್ತಾ ಹಿಂದಿರುಗು. ಆ ನಡತೆ ಕಲಿತ ಮೇಲೆ ಜಪಾನಿನ ಕಾರ್ಡಿಗೆ ಕೈ ಹಾಕು, ನಾನೇ ನಿನ್ನ ಪರವಾಗಿ ನಿಮ್ಮಪ್ಪನಿಗೆ ಹೇಳುತ್ತೇನೆ.