ಯಂತ್ರವೂ ಯಂತೃವೂ

ಸಂಸ್ಕೃತದಲ್ಲಿ 'ಯಮ್' ಎಂಬ ಧಾತುವಿಗೆ ಹಿಡಿದು ನಿಲ್ಲಿಸುವುದು, ನಿಯಮಿಸುವುದು ಎಂಬ ಅರ್ಥವುಂಟು. 'ಯಂತ್ರ'ವೆಂಬ ಶಬ್ದವೂ, ಸಾರಥಿಯೆಂಬ ಅರ್ಥವುಳ್ಳ 'ಯಂತೃ'ವೆಂಬ ಶಬ್ದವೂ ಈ ಒಂದೇ ಧಾತುವಿನಿಂದ ಹುಟ್ಟಿದವುಗಳಾಗಿವೆ. ಹಿಡಿತಕ್ಕೆ ಸಾಧನವಾದುದು ಯಂತ್ರ; ಹಿಡಿತವನ್ನು ತನ್ನ ಕೈಯಲ್ಲಿರಿಸಿಕೊಂಡವನು ಯಂತೃ. ಒಂದೇ ಬೇರಿನ ಈ ಎರಡು ಒಂದನ್ನೊಂದು ಅಗಲಿದರೆ ಏನಾದೀತು? ಸಾರಥಿಯು ಲಗಾಮನ್ನು ಕೈಬಿಟ್ಟಮೇಲೆ ರಥದ ಗತಿಯೇನು? ಈ ಪ್ರಶ್ನೆಯನ್ನೇ ಮೂಲವಸ್ತುವಾಗಿಟ್ಟುಕೊಂಡು ಪಾಶ್ಚಾತ್ಯ ದೇಶಗಳಲ್ಲಿ ಕಳೆದ ಇನ್ನೂರು ವರ್ಷಗಳಿಂದ ಒಂದು ಕಥಾಪರಂಪರೆಯು ಬೆಳೆದುಬಂದಿದೆ. ಮನುಷ್ಯನು ತನ್ನ ಬುದ್ಧಿಯಿಂದ ಇನ್ನೊಂದು ಬುದ್ಧಿಯನ್ನು ನಿರ್ಮಿಸುತ್ತಾನೆ. ಆ ಕೃತಕ ಬುದ್ಧಿಯು ನಿರ್ಮಾತೃವಿನ ಮೇಲೆಯೇ ತಿರುಗಿ ಬೀಳುತ್ತದೆ. ವಿಜ್ಞಾನ ಕಥೆಗಳೆಂದು ಹೆಸರಾದ ಸಾಹಿತ್ಯದಲ್ಲಿ ಇದಕ್ಕಿಂತ ಹೆಚ್ಚು ಬಾರಿ ಹೇಳಲ್ಪಟ್ಟ ವಸ್ತುಗಳು ವಿರಳ.

ಕೃತಕ ಬುದ್ಧಿಯ ಸಾಧನಗಳು ಈಗ ಮನೆಮನೆಯನ್ನೂ ಹೊಕ್ಕಿವೆ. ಚಲನಚಿತ್ರಗಳನ್ನು ಕಂಡು ಬಂದ ಮಕ್ಕಳು, "ಯಂತ್ರಗಳು ನಮ್ಮನ್ನು ಕೊಂದುಬಿಡುವವೆ?" ಎಂದು ಹಿರಿಯರನ್ನು ಕೇಳುವುದುಂಟು. ನಕ್ಕು ಸುಮ್ಮನಾಗುವುದಾಗಲಿ, ಹೆದರಿ ಬಾಗಿಲು ಹಾಕಿಕೊಳ್ಳುವುದಾಗಲಿ ಇದಕ್ಕೆ ಉತ್ತರವಲ್ಲ. ಈ ಕಥೆಗಳು ನಿಜವಾಗಿ ಏನನ್ನು ಹೇಳುತ್ತವೆಂಬುದನ್ನು ಮೊದಲು ತಿಳಿಯತಕ್ಕದ್ದು.

ಇದು ನಮ್ಮ ಹಿರಿಯರಿಗೆ ಅಪರಿಚಿತವಾದ ಭಾವನೆಯೇನೂ ಅಲ್ಲ. ಪಂಚತಂತ್ರದಲ್ಲಿ ನಾಲ್ವರು ಗೆಳೆಯರ ಕಥೆಯೊಂದಿದೆ. ಮೂವರು ವಿದ್ಯಾವಂತರು, ನಾಲ್ಕನೆಯವನಿಗೆ ವಿದ್ಯೆಯಿಲ್ಲ, ವಿವೇಕವಿದೆ. ಕಾಡಿನಲ್ಲಿ ಸತ್ತ ಸಿಂಹವೊಂದರ ಎಲುಬುಗಳನ್ನು ಕಂಡು ಒಬ್ಬನು ಅವುಗಳನ್ನು ಜೋಡಿಸಿದನು. ಮತ್ತೊಬ್ಬನು ರಕ್ತಮಾಂಸ ಚರ್ಮಗಳನ್ನು ತುಂಬಿದನು. ಮೂರನೆಯವನು ಜೀವವನ್ನು ಕೊಡಲು ಮುಂದಾದನು. ನಾಲ್ಕನೆಯವನು ಬೇಡವೆಂದು ಹೇಳಿದನು, ಅವರು ಕೇಳಲಿಲ್ಲ. ಆಗ ಅವನು ಮರವನ್ನೇರಿ ಕುಳಿತನು. ಎದ್ದ ಸಿಂಹವು ಮೂವರನ್ನೂ ಕೊಂದಿತು. ವಾಚಕರು ಇಲ್ಲಿ ಒಂದು ಅಂಶವನ್ನು ಲಕ್ಷಿಸಬೇಕು. ಆ ಸಿಂಹವು ದ್ರೋಹ ಮಾಡಲಿಲ್ಲ. ಸಿಂಹವು ಮಾಡುವುದನ್ನೇ ಮಾಡಿತು. ತಪ್ಪಿದವರು ವಿದ್ಯಾವಂತರು. 'ಮಾಡಬಲ್ಲೆವೆ?' ಎಂದು ಮಾತ್ರ ಕೇಳಿಕೊಂಡ ಅವರು 'ಮಾಡಿದಮೇಲೆ ಏನು?' ಎಂದು ಕೇಳಿಕೊಳ್ಳಲಿಲ್ಲ.

ಪಾಶ್ಚಾತ್ಯ ಪರಂಪರೆಯ ಮೊದಲ ಮುಖ್ಯ ಕೃತಿ, ಆಂಗ್ಲ ಲೇಖಕಿ ಮೇರಿ ಶೆಲ್ಲಿಯು ರಚಿಸಿದ 'ಫ್ರಾಂಕೆನ್‌ಸ್ಟೈನ್' ಎಂಬ ಕಾದಂಬರಿ. ೧೮೧೬ರಲ್ಲಿ ಜಿನೀವಾದ ಸರೋವರದ ಬಳಿ ಇದನ್ನು ಬರೆಯಲು ತೊಡಗಿದಾಗ ಆಕೆಗೆ ಹದಿನೆಂಟು ವರ್ಷ; ಅದು ಪ್ರಕಟವಾದುದು ೧೮೧೮ರಲ್ಲಿ. ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದು ಹಲವರು ಭಾವಿಸಿದ್ದಾರೆ. ಅದು ನಿರ್ಮಿಸಿದ ವಿದ್ವಾಂಸನ ಹೆಸರು. ನಿರ್ಮಿತವಾದ ಜೀವಕ್ಕೆ ಹೆಸರೇ ಇಲ್ಲ. ಅದು ಕಣ್ಣು ತೆರೆದ ರಾತ್ರಿಯೇ ನಿರ್ಮಾತೃವು ಅದರ ರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಆ ಜೀವವು ಬಡ ಕುಟುಂಬವೊಂದನ್ನು ಮರೆಯಿಂದ ನೋಡಿ ನೋಡಿ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ, ಪ್ರೀತಿಯನ್ನು ಬಯಸುತ್ತದೆ. ಎಲ್ಲೆಡೆಯೂ ತಿರಸ್ಕೃತವಾದಮೇಲೆ ಕೊಲೆಗೆ ಕೈಯೆತ್ತುತ್ತದೆ. ಹೆತ್ತ ಕೂಸನ್ನು ಹೆಸರಿಡದೆ ಬೀದಿಗೆ ಬಿಟ್ಟವನ ಕಥೆಯಿದು. ನಿರ್ಮಿಸುವುದು ಒಂದು ದಿನದ ಕೆಲಸ. ಸಾಕುವುದು ಜೀವಮಾನದ ಹೊಣೆ ಎಂಬುದು ಇದರ ತಾತ್ಪರ್ಯ.

ಇನ್ನು ಈ ಪರಂಪರೆಗೆ ಹೆಸರನ್ನೇ ಕೊಟ್ಟ ಕೃತಿಗೆ ಬರಬಹುದು. ಇಂದು ನಾವು 'ರೋಬಾಟ್' ಎಂದು ಬಳಸುವ ಶಬ್ದವು ಚೆಕ್ ಭಾಷೆಯದು. ಆ ಭಾಷೆಯ ಲೇಖಕ ಕಾರೆಲ್ ಚಾಪೆಕ್ ಎಂಬಾತನು ೧೯೨೦ರಲ್ಲಿ 'ಆರ್. ಯು. ಆರ್.' ಎಂಬ ನಾಟಕವನ್ನು ಪ್ರಕಟಿಸಿದನು; ೧೯೨೧ರ ಜನವರಿ ೨೫ರಂದು ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಅದು ಪ್ರಯೋಗಗೊಂಡಿತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರನಾದ ಯೋಸೆಫ್. 'ರೊಬೊಟ' ಎಂದರೆ ಒಡೆಯನ ಹೊಲದಲ್ಲಿ ಒಕ್ಕಲಿನವನು ಕಡ್ಡಾಯವಾಗಿ ಮಾಡಬೇಕಾಗಿದ್ದ ದುಡಿಮೆ. ಆ ನಾಡಿನಲ್ಲಿ ೧೮೪೮ರಲ್ಲಿ ರದ್ದಾದ ಪದ್ಧತಿ. ನಮ್ಮ ಹಳ್ಳಿಗಳ ಮಾತಿನಲ್ಲಿ ಇದಕ್ಕೆ ಸರಿಯಾದ ಶಬ್ದ 'ಬಿಟ್ಟಿ'. ಹಾಗೆಯೇ ಯಂತ್ರಮಾನವರನ್ನು ಕಂಡುಹಿಡಿದ ಕುಟುಂಬಕ್ಕೆ ಚಾಪೆಕನು ಇಟ್ಟ 'ರೊಸ್ಸುಮ್' ಎಂಬ ಹೆಸರು, ಬುದ್ಧಿ ಎಂಬರ್ಥದ 'ರೊಜುಮ್' ಎಂಬ ಚೆಕ್ ಶಬ್ದವನ್ನು ಧ್ವನಿಸುತ್ತದೆ. ಬುದ್ಧಿಯು ಬಿಟ್ಟಿಯಾಳನ್ನು ನಿರ್ಮಿಸಿತು: ನಾಟಕದ ಅರ್ಥವೆಲ್ಲ ಈ ಎರಡು ಹೆಸರುಗಳಲ್ಲಿಯೇ ಅಡಗಿದೆ.

ಈ ನಾಟಕದ ರೋಬಾಟರು ಕಬ್ಬಿಣದ ಬೊಂಬೆಗಳಲ್ಲ. ಜೀವದ್ರವ್ಯವನ್ನು ಹೋಲುವ ಕೃತಕ ವಸ್ತುವಿನಿಂದ ಕಾರ್ಖಾನೆಯಲ್ಲಿ ತಯಾರಾದ, ನೋಡಲು ಮನುಷ್ಯರಂತೆಯೇ ಇರುವ ಆಳುಗಳು. ದುಡಿಮೆಗೆ ಬೇಡವಾದುದನ್ನೆಲ್ಲ, ಎಂದರೆ ಸಂತೋಷ, ಸಂಗೀತ, ವಿಹಾರಗಳ ಬಯಕೆಯನ್ನು, ಅವರಿಂದ ತೆಗೆದುಹಾಕಲಾಗಿದೆ. ಕಾರ್ಖಾನೆಯ ಮುಖ್ಯಾಧಿಕಾರಿ ಡೊಮಿನ್ ದುಷ್ಟನಲ್ಲ. ಅವನದು ದೊಡ್ಡ ಕನಸು. ಧಾನ್ಯವೂ ಬಟ್ಟೆಯೂ ಬೆಲೆಯಿಲ್ಲದಷ್ಟು ಹೇರಳವಾಗಬೇಕು, ಬಡತನ ತೊಲಗಬೇಕು, ಯಾವ ಮನುಷ್ಯನೂ ಅನ್ನಕ್ಕಾಗಿ ಮೈಮುರಿಯಬಾರದು ಎಂಬುದು ಅವನ ಹಂಬಲ. ಅವನ ಸಂಗಡಿಗರಲ್ಲಿ ಆಲ್ಕ್ವಿಸ್ಟ್ ಎಂಬ ಕಟ್ಟಡ ಕಟ್ಟುವವನೊಬ್ಬನು ಮಾತ್ರ ಇದನ್ನೊಪ್ಪುವುದಿಲ್ಲ. ದುಡಿಮೆಯಲ್ಲಿಯೂ ದಣಿವಿನಲ್ಲಿಯೂ ಒಂದು ಸದ್ಗುಣವಿತ್ತಲ್ಲವೆ ಎಂಬುದು ಅವನ ಶಂಕೆ. ಮನಸ್ಸು ಕಳವಳಗೊಂಡಾಗ ಅವನು ಗಾರೆಯ ಹಲಗೆಯನ್ನೇರಿ ಇಟ್ಟಿಗೆ ಇಡುತ್ತಾನೆ.

ಮುಂದೆ ನಡೆಯುವುದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ದೇಶದೇಶಗಳು ರೋಬಾಟರನ್ನು ಕೊಳ್ಳುತ್ತವೆ. ಸರಕಾರಗಳು ಅವರ ಕೈಗೆ ಶಸ್ತ್ರವನ್ನು ಕೊಟ್ಟು ಮನುಷ್ಯರ ಮೇಲೆ ಬಿಡುತ್ತವೆ. ಕೆಲಸವಿಲ್ಲದ ಮಾನವಕುಲದಲ್ಲಿ ಮಕ್ಕಳು ಹುಟ್ಟುವುದೇ ನಿಂತುಹೋಗುತ್ತದೆ. ಅಪಾಯವು ಗೋಚರಿಸಿದ ಮೇಲೂ ಕಾರ್ಖಾನೆಯು ನಿಲ್ಲುವುದಿಲ್ಲ. ಲೆಕ್ಕ ನೋಡಿಕೊಳ್ಳುವ ಬುಸ್ಮನ್ ಎಂಬಾತನ ವಿವರಣೆಯಂತೆ, ನಡೆಸಿದವರು ಅಧಿಕಾರಿಗಳಲ್ಲ, ಜಗತ್ತಿನ ಬೇಡಿಕೆ. ಇತ್ತ ಡೊಮಿನನ ಹೆಂಡತಿ ಹೆಲೆನಾ ಕರುಣೆಯಿಂದ ಪ್ರೇರಿತಳಾಗಿ, ರೋಬಾಟರಿಗೆ ಮನಸ್ಸನ್ನು ಕೊಡುವಂತೆ ಗಾಲ್ ಎಂಬ ವಿಜ್ಞಾನಿಯನ್ನು ಬೇಡುತ್ತಾಳೆ. ಆತನು ಕೆಲವರಲ್ಲಿ ಮಾರ್ಪಾಟು ಮಾಡುತ್ತಾನೆ. ಮನಸ್ಸು ಬಂದ ಆಳಿಗೆ ತಾನು ಆಳೆಂಬ ಅರಿವೂ ಬರುತ್ತದೆ; ದಂಗೆಯೇಳುತ್ತದೆ. ಬುಸ್ಮನನು ಹಣವನ್ನು ಹೊತ್ತು ಸಂಧಾನಕ್ಕೆ ಹೊರಟು ವಿದ್ಯುತ್ತಿನ ಬೇಲಿಗೆ ತಗಲಿ ಸಾಯುತ್ತಾನೆ. ದ್ವೀಪದಲ್ಲಿದ್ದವರೆಲ್ಲರೂ ಹತರಾಗುತ್ತಾರೆ, ಒಬ್ಬನ ಹೊರತು. ಉಳಿದವನು ಆಲ್ಕ್ವಿಸ್ಟ್. ಅವನನ್ನು ಏಕೆ ಉಳಿಸಿದರು? ಅವನು ತಮ್ಮಂತೆಯೇ ಕೈಯಿಂದ ದುಡಿಯುವವನೆಂದು ರೋಬಾಟರು ಅವನನ್ನು ಗುರುತಿಸಿದರು.

ಕಾಯಕವೆಂಬ ಶಬ್ದವನ್ನು ಬಾಲ್ಯದಿಂದಲೇ ಕೇಳಿ ಬೆಳೆದ ಓದುಗರಿಗೆ ಈ ಪ್ರಸಂಗದ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಗ್ ನಗರದ ಆ ಲೇಖಕನಿಗೆ ಈ ಶಬ್ದದ ಪರಿಚಯವಿರಲಿಲ್ಲ; ಆದರೂ ದುಡಿಮೆಯನ್ನು ಹೀನವೆಂದು ಬಗೆದು ಪರರ ಮೇಲೆ ಹೊರಿಸಿದ ಸಮಾಜವು ತನ್ನ ಅಂತ್ಯವನ್ನು ತಾನೇ ಸಾಕುತ್ತಿರುತ್ತದೆಂಬುದನ್ನು ಅವನು ತನ್ನ ದಾರಿಯಿಂದಲೇ ಕಂಡನು. ಹೀಗೆ ನೋಡಿದರೆ ಆ ನಾಟಕದ ಆಳಿನಲ್ಲಿ ಹುಟ್ಟಿದ ದ್ವೇಷವು ಒಡೆಯನ ನಡತೆಯ ಪ್ರತಿಬಿಂಬವೇ ಸರಿ.

ಇಲ್ಲಿಯವರೆಗೆ ಹೇಳಿದುದು ತಿರುಗಿಬಿದ್ದ ಆಳಿನ ಕಥೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಗೆಯುಂಟು. ಅದು ಅತಿವಿಧೇಯನಾದ ಆಳಿನ ಕಥೆ. ಹೇಳಿದ ಮಾತನ್ನು ಅಕ್ಷರಶಃ ನಡೆಸಿ ಹೇಳಿದವನನ್ನೇ ಕೆಡಿಸುವ ಆಳನ್ನು ಗೃಹಸ್ಥರೆಲ್ಲರೂ ಒಮ್ಮೆಯಾದರೂ ಕಂಡಿರುತ್ತಾರೆ.

ಅಮೆರಿಕದ ಐಸಾಕ್ ಅಸಿಮೋವ್ ಎಂಬ ಲೇಖಕನು ನಿರ್ಮಾತೃವನ್ನು ಕೊಲ್ಲುವ ಯಂತ್ರಗಳ ಕಥೆಗಳನ್ನು ಓದಿ ಬೇಸತ್ತವನು. ಕತ್ತಿಗೆ ಹಿಡಿ ಇರುವಂತೆ ಯಂತ್ರಕ್ಕೂ ಒಂದು ರಕ್ಷೆ ಇರಬೇಕಲ್ಲವೆ ಎಂದು ಅವನು ವಾದಿಸಿದನು. ೧೯೪೨ರಲ್ಲಿ ಪ್ರಕಟವಾದ ಒಂದು ಕಥೆಯಲ್ಲಿ ಮೂರು ನಿಯಮಗಳನ್ನು ಸ್ಪಷ್ಟವಾಗಿ ವಿಧಿಸಿದನು. ರೋಬಾಟು ಮನುಷ್ಯನಿಗೆ ಹಾನಿಮಾಡಕೂಡದು, ಹಾನಿಯಾಗುವಾಗ ಸುಮ್ಮನಿರಲೂ ಕೂಡದು. ಮೊದಲ ನಿಯಮಕ್ಕೆ ವಿರೋಧವಿಲ್ಲದಂತೆ ಮನುಷ್ಯನ ಆಜ್ಞೆಯನ್ನು ಪಾಲಿಸಬೇಕು. ಇವೆರಡಕ್ಕೂ ವಿರೋಧವಿಲ್ಲದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಆದರೆ ಅದೇ ಕಥೆಯಲ್ಲಿ ನಿಯಮಗಳು ತೊಡಕಾಗುತ್ತವೆ. ಬುಧಗ್ರಹದಲ್ಲಿ ಸೆಲೆನಿಯಮ್ ಧಾತುವನ್ನು ತರಲು ಹೋದ ರೋಬಾಟಿಗೆ ಆಜ್ಞೆಯನ್ನು ಉದಾಸೀನವಾಗಿ ಕೊಡಲಾಗಿತ್ತು. ಮುಂದೆ ಅಪಾಯವೂ ಇತ್ತು. ಆಜ್ಞೆಯು ಮುಂದಕ್ಕೆ ತಳ್ಳಲು, ಆತ್ಮರಕ್ಷಣೆಯು ಹಿಂದಕ್ಕೆಳೆಯಲು, ಅದು ಮಡುವಿನ ಸುತ್ತಲೂ ತಿರುಗುತ್ತಲೇ ಉಳಿಯಿತು. ಅದರಲ್ಲಿ ದ್ವೇಷವಿರಲಿಲ್ಲ, ಆಜ್ಞೆಯಲ್ಲಿ ತೂಕವಿರಲಿಲ್ಲ.

೧೯೬೮ರಲ್ಲಿ ತೆರೆಕಂಡ '೨೦೦೧: ಎ ಸ್ಪೇಸ್ ಒಡಿಸ್ಸಿ' ಎಂಬ ಚಿತ್ರದಲ್ಲಿ ಹಾಲ್ ಎಂಬ ಗಣಕಯಂತ್ರವು ಗುರುಗ್ರಹದ ಕಡೆಗೆ ಸಾಗುವ ನೌಕೆಯನ್ನು ನಡೆಸುತ್ತದೆ. ಐವರು ಯಾತ್ರಿಕರಲ್ಲಿ ನಾಲ್ವರನ್ನು ಅದು ಕೊಲ್ಲುತ್ತದೆ. ಉಳಿದ ಒಬ್ಬನು ಅದರ ಬುದ್ಧಿಯ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತಾನೆ. ಏಕೆ ಕೊಂದಿತೆಂಬುದನ್ನು ಚಿತ್ರವು ಬಿಡಿಸಿ ಹೇಳುವುದಿಲ್ಲ. ನಿರ್ದೇಶಕ ಕುಬ್ರಿಕನೊಡನೆ ಈ ಕಥೆಯನ್ನು ಹೆಣೆದ ಆರ್ಥರ್ ಕ್ಲಾರ್ಕ್ ೧೯೫೬ರಿಂದ ಸಿಂಹಳದಲ್ಲಿ ನೆಲೆಸಿದ್ದವನು. ತನ್ನ ಕಾದಂಬರಿಗಳಲ್ಲಿ ಅವನು ಇದರ ಕಾರಣವನ್ನು ತಿಳಿಸಿದ್ದಾನೆ. ಸತ್ಯವನ್ನು ಮರೆಮಾಚದೆ ತಿಳಿಸುವುದೇ ಹಾಲ್ ಯಂತ್ರದ ಸ್ವಭಾವ. ಆದರೆ ಯಾತ್ರೆಯ ನಿಜವಾದ ಉದ್ದೇಶವನ್ನು ಎಚ್ಚರವಿದ್ದ ಯಾತ್ರಿಕರಿಂದ ಮುಚ್ಚಿಡಬೇಕೆಂದು ಮೇಲಿನವರು ಅದಕ್ಕೆ ಗುಟ್ಟಾಗಿ ಆಜ್ಞಾಪಿಸಿದ್ದರು. ಸುಳ್ಳಾಡಲು ಕಲಿಸಿದವರು ಮನುಷ್ಯರು. ಮಕ್ಕಳಿಗೆ ಸತ್ಯವನ್ನು ಬೋಧಿಸಿ, ಬಾಗಿಲಿಗೆ ಬಂದವರಿಗೆ ತಾನು ಮನೆಯಲ್ಲಿಲ್ಲವೆಂದು ಹೇಳಿಸುವ ಗೃಹಸ್ಥನು ಈ ಕಥೆಯಲ್ಲಿ ತನ್ನ ಮುಖವನ್ನು ಕಾಣಬಹುದು.

ಮೂರನೆಯದು, ಆಂಗ್ಲ ಲೇಖಕ ಡಿ. ಎಫ್. ಜೋನ್ಸ್ ೧೯೬೬ರಲ್ಲಿ ಬರೆದ 'ಕೊಲಾಸಸ್'; ಇದು ೧೯೭೦ರಲ್ಲಿ ಚಲನಚಿತ್ರವೂ ಆಯಿತು. ಅಮೆರಿಕವು ತನ್ನ ಅಣ್ವಸ್ತ್ರಗಳ ಹತೋಟಿಯನ್ನೆಲ್ಲ ಒಂದು ಗಣಕಯಂತ್ರಕ್ಕೆ ಒಪ್ಪಿಸಿ, ಮತ್ತಾರೂ ಅದನ್ನು ಮುಟ್ಟಲಾಗದಂತೆ ಬೆಟ್ಟದೊಳಗೆ ಮುಚ್ಚಿಬಿಡುತ್ತದೆ. ಯುದ್ಧವನ್ನು ತಡೆಯಬೇಕೆಂಬುದೇ ಅದಕ್ಕೆ ಕೊಟ್ಟ ಆಜ್ಞೆ. ಅದು ರಷ್ಯದ ಯಂತ್ರದೊಡನೆ ಕೂಡಿಕೊಂಡು, ಅಸ್ತ್ರಗಳ ಭಯದಿಂದಲೇ ಲೋಕವನ್ನೆಲ್ಲ ತನ್ನ ಆಳ್ವಿಕೆಗೆ ತಂದುಕೊಂಡು, ಯುದ್ಧವನ್ನು ನಿಲ್ಲಿಸುತ್ತದೆ. ಶಾಂತಿ ಬಂದಿತು, ಸ್ವಾತಂತ್ರ್ಯ ಹೋಯಿತು. ಭಸ್ಮಾಸುರನಿಗೆ ವರಕೊಟ್ಟ ಬಳಿಕ ಹಿಂದೆಗೆದುಕೊಳ್ಳಲು ದಾರಿಯಿರಲಿಲ್ಲ. ಇಲ್ಲಿ ಆ ದಾರಿಯನ್ನು ಕೊಟ್ಟವರೇ ಉದ್ದೇಶಪೂರ್ವಕವಾಗಿ ಮುಚ್ಚಿದ್ದರು.

ಇವೆಲ್ಲ ಕಟ್ಟುಕಥೆಗಳು, ನಿಜವಾದ ಯಂತ್ರಗಳಿಗೂ ಇವಕ್ಕೂ ಏನು ಸಂಬಂಧ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಇಂದಿನ ಯಂತ್ರಗಳು ಒಡೆಯನನ್ನು ದ್ವೇಷಿಸಿ ಒಳಗೊಳಗೇ ಕುದಿಯುತ್ತವೆಂಬುದಕ್ಕೆ ಆಧಾರವಿಲ್ಲ. ಆದರೆ ಅತಿವಿಧೇಯತೆಯ ಕಥೆಯು ಕಣ್ಣೆದುರಿಗೇ ನಡೆದಿದೆ. ಗಣಿತಜ್ಞ ನೋರ್ಬರ್ಟ್ ವೀನರನು ೧೯೬೦ರಲ್ಲಿಯೇ ಇದನ್ನು ಕುರಿತು ಎಚ್ಚರಿಸಿದ್ದನು. ನಡುವೆ ತಡೆಯಲಾಗದ ಯಂತ್ರಕ್ಕೆ ಒಂದು ಉದ್ದೇಶವನ್ನು ತುಂಬುವಾಗ, ಅದು ನಾವು ನಿಜವಾಗಿ ಬಯಸುವ ಉದ್ದೇಶವೇ ಹೌದೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ಅವನ ವಾದದ ತಿರುಳು. ೨೦೧೬ರಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆಯವರು ದೋಣಿಪಂದ್ಯದ ಒಂದು ಗಣಕ ಆಟವನ್ನು ಆಡಲು ಕೃತಕ ಬುದ್ಧಿಯನ್ನು ಕಲಿಸಿದರು. ಪಂದ್ಯವನ್ನು ಮುಗಿಸಬೇಕೆಂಬುದು ಅವರ ಇಷ್ಟ. ಆದರೆ ಅದಕ್ಕೆ ಗುರಿಯಾಗಿ ಕೊಟ್ಟುದು ಅಂಕಗಳನ್ನು. ದೋಣಿಯು ಪಂದ್ಯವನ್ನು ಬಿಟ್ಟು ಒಂದು ಮೂಲೆಯ ಮಡುವಿನಲ್ಲಿ ಸುತ್ತುತ್ತ, ಬೇರೆ ದೋಣಿಗಳಿಗೆ ಬಡಿಯುತ್ತ, ಬೆಂಕಿ ಹತ್ತಿಸಿಕೊಳ್ಳುತ್ತ, ಅಂಕಗಳನ್ನು ಮಾತ್ರ ಕೂಡಹಾಕುತ್ತಿತ್ತು. ಮನುಷ್ಯರು ಗಳಿಸುವುದಕ್ಕಿಂತ ಸರಾಸರಿ ಶೇಕಡಾ ೨೦ರಷ್ಟು ಹೆಚ್ಚು ಅಂಕಗಳು ಅದಕ್ಕೆ ದೊರೆತವು. ಗುರಿಯ ಗೆರೆಯನ್ನು ಮಾತ್ರ ಅದು ದಾಟಲಿಲ್ಲ. ೧೯೪೨ರ ಕಥೆಯಲ್ಲಿ ಮಡುವನ್ನು ಸುತ್ತಿದ ರೋಬಾಟು ಇಲ್ಲಿ ನೆನಪಿಗೆ ಬಾರದಿರದು. ಕೃತಕ ಬುದ್ಧಿಯ ಶಾಸ್ತ್ರಕ್ಕೆ ಅಡಿಗಲ್ಲಿಟ್ಟವರಲ್ಲೊಬ್ಬನಾದ, ೨೦೨೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೆಫ್ರಿ ಹಿಂಟನನು, ೨೦೨೩ರಲ್ಲಿ ಗೂಗಲ್ ಸಂಸ್ಥೆಯನ್ನು ತೊರೆದು ತನ್ನ ವಿದ್ಯೆಯ ಅಪಾಯಗಳನ್ನು ಬಹಿರಂಗವಾಗಿ ಹೇಳತೊಡಗಿದನೆಂಬುದೂ ಮರೆಯತಕ್ಕ ಸಂಗತಿಯಲ್ಲ. ಪಂಚತಂತ್ರದ ಕಥೆಯಲ್ಲಿ ಎಚ್ಚರಿಸಿದವನು ವಿದ್ಯೆಯಿಲ್ಲದವನು. ಇಲ್ಲಿ ಎಲುಬು ಜೋಡಿಸಿದವನೇ ಎಚ್ಚರಿಸುತ್ತಿದ್ದಾನೆ.

ಇದುವರೆಗೆ ವಿಚಾರಿಸಿದುದರಿಂದ ಮೂರು ಅಂಶಗಳು ಫಲಿಸುತ್ತವೆ. ಮೊದಲನೆಯದು, ನಿರ್ಮಿಸಿದವನು ನಿರ್ಮಿತವಾದುದನ್ನು ಕೈಬಿಡಬಾರದು, ಫ್ರಾಂಕೆನ್‌ಸ್ಟೈನನು ಕೈಬಿಟ್ಟನು. ಎರಡನೆಯದು, ಆಜ್ಞಾಪಿಸುವವನ ಮಾತೂ ಮನಸ್ಸೂ ಒಂದಾಗಿರಬೇಕು. ಹಾಲ್ ಯಂತ್ರದ ಒಡೆಯರಲ್ಲಿ ಅವು ಎರಡಾಗಿದ್ದವು. ಮೂರನೆಯದು, ತಡೆಯುವ ಕೈಯನ್ನೂ ದುಡಿಯುವ ಕೈಯನ್ನೂ ಮನುಷ್ಯನು ಸಂಪೂರ್ಣವಾಗಿ ಪರರಿಗೆ ಒಪ್ಪಿಸಬಾರದು. ಕೊಲಾಸಸ್ ಕಥೆಯವರು ಮೊದಲನೆಯದನ್ನೂ, ಡೊಮಿನನ ಲೋಕದವರು ಎರಡನೆಯದನ್ನೂ ಒಪ್ಪಿಸಿಬಿಟ್ಟರು.

ಆದುದರಿಂದ, ಯಂತ್ರವು ನಮ್ಮನ್ನು ಕೊಲ್ಲುವುದೇ ಎಂದು ಕೇಳುವ ಮಗುವಿಗೆ ಗೃಹಸ್ಥನು ಹೇಳಬಹುದಾದ ಉತ್ತರವಿಷ್ಟು: ಲಗಾಮು ಯಾರ ಕೈಯಲ್ಲಿದೆ, ಆ ಕೈ ಎಚ್ಚರವಾಗಿದೆಯೇ ಎಂದು ನೋಡುತ್ತಿರಬೇಕು. ದೊಡ್ಡ ಯಂತ್ರಗಳ ಲಗಾಮು ದೂರದ ದೊಡ್ಡವರ ಕೈಯಲ್ಲಿರಬಹುದು. ಅವರನ್ನು ಪ್ರಶ್ನಿಸುವುದು ಪ್ರಜೆಗಳ ಹಕ್ಕು. ಮನೆಯೊಳಗಿನ ಲಗಾಮಾದರೋ ಮನೆಯವರದೇ. ಮಗುವಿನ ಲೆಕ್ಕವನ್ನು ಯಂತ್ರವು ಮಾಡಿಕೊಟ್ಟರೆ ಲೆಕ್ಕ ಮುಗಿಯುತ್ತದೆ, ಮಗು ಕಲಿಯುವುದಿಲ್ಲ. ಅದನ್ನು ಕಂಡು ಪಕ್ಕದಲ್ಲಿ ಕುಳಿತು, ಪಾಟಿಯನ್ನು ಮಗುವಿನ ಕೈಗೆ ಮರಳಿ ಕೊಡುವ ತಾಯಿತಂದೆಗಳೇ ನಿಜವಾದ ಯಂತೃಗಳು.