ಲಿಸ್ಪ್ ಭಾಷೆಯೊಡನೆ ಮಾತುಕತೆ: ಎಡಿಟರು ಮತ್ತು ಪ್ಲಗಿನ್ನುಗಳ ಆಯ್ಕೆ

ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಎಷ್ಟು ಮಾತ್ರೆಗಳಿರುತ್ತವೆ ಎಂದು ಕೇಳಿದರೆ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಬೆರಳು ಮಡಿಚಿ ಹೇಳಬಲ್ಲರು. ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14, ಮೂರು ಮತ್ತು ಆರನೆಯ ಪಾದಗಳಲ್ಲಿ ಕೊನೆಯ ಗುರುವೂ ಸೇರಿ 23, ಒಟ್ಟು 102. ಆದರೆ ನಮ್ಮ ಹಾವೇರಿ ಜಿಲ್ಲೆಯ ಬಾಡದ ಕನಕದಾಸರು ರಚಿಸಿದ ‘ನಳಚರಿತ್ರೆ’ಯನ್ನು ಟೈಪು ಮಾಡಿ, ಪ್ರತಿಯೊಂದು ಪಾದವೂ ಸರಿಯಾಗಿದೆಯೇ ಎಂದು ನೋಡಹೊರಟರೆ ಬೆರಳುಗಳು ಸಾಲವು. ಟೈಪು ಮಾಡುವಾಗ ಒಂದು ದೀರ್ಘ ಬಿಟ್ಟುಹೋದರೂ ಮಾತ್ರೆಯ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದ ಪಾದವನ್ನು ಕಂಪ್ಯೂಟರು ಗುರುತಿಸಿಕೊಟ್ಟರೆ ಬರಹದ ತಪ್ಪು ಸಿಕ್ಕಂತೆಯೇ ಆಯಿತು. ಈ ಕೆಲಸಕ್ಕೆ ಕೈಹಾಕಿದಾಗ ನನಗೆ ಎದುರಾದ ಮೊದಲ ಪ್ರಶ್ನೆ ಛಂದಸ್ಸಿನದಲ್ಲ, ಉಪಕರಣದ್ದು. ಆ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಇಲ್ಲಿ ಗೆಳೆಯರ ಮುಂದಿಡುತ್ತಿದ್ದೇನೆ.

ಆರಿಸಿಕೊಂಡ ಭಾಷೆ ಲಿಸ್ಪ್. ಇದನ್ನು 1958ರಲ್ಲಿ ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿ ಜಾನ್ ಮೆಕಾರ್ಥಿ ಎಂಬ ವಿದ್ವಾಂಸರು ರೂಪಿಸತೊಡಗಿದರು. ಅವರ ಪ್ರಬಂಧ 1960ರಲ್ಲಿ ಪ್ರಕಟವಾಯಿತು. ಕಾಲಕ್ರಮದಲ್ಲಿ ಈ ಭಾಷೆ ಹಲವು ಕವಲುಗಳಾಗಿ ಬೆಳೆಯಿತು. ಅವುಗಳಲ್ಲಿ ಒಂದಾದ ಕಾಮನ್ ಲಿಸ್ಪಿಗೆ 1994ರಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಕ ದೊರೆಯಿತು. ಅದನ್ನು ನಡೆಸುವ ಎಸ್‌ಬಿಸಿಎಲ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಲಿಸ್ಪಿನ ವಿಶೇಷವೆಂದರೆ ಅದರೊಡನೆ ಮಾತುಕತೆ ನಡೆಸಬಹುದು. (+ 2 3) ಎಂದು ಬರೆದರೆ ತಕ್ಷಣ 5 ಎಂಬ ಉತ್ತರ ಬರುತ್ತದೆ. ಓದುವುದು, ಲೆಕ್ಕ ಮಾಡುವುದು, ಉತ್ತರ ಬರೆಯುವುದು, ಮತ್ತೆ ಓದಲು ಸಿದ್ಧವಾಗುವುದು: ಈ ನಾಲ್ಕು ಕೆಲಸಗಳ ಸುತ್ತನ್ನು ಬಲ್ಲವರು ‘ರೆಪಲ್’ ಎಂದು ಕರೆಯುತ್ತಾರೆ. ಅನೇಕ ಭಾಷೆಗಳಲ್ಲಿ ಪ್ರೋಗ್ರಾಮನ್ನು ಪೂರ್ತಿ ಬರೆದು ಮೊದಲಿನಿಂದ ಓಡಿಸಿ ನೋಡಬೇಕಾಗುತ್ತದೆ. ಲಿಸ್ಪಿನಲ್ಲಿ ಪ್ರೋಗ್ರಾಮು ಓಡುತ್ತಿರುವಾಗಲೇ ಅದರ ಒಂದು ಭಾಗವನ್ನು ಮಾತ್ರ ತಿದ್ದಿ ಕಳುಹಿಸಬಹುದು. ಉಳಿದುದೆಲ್ಲ ಇದ್ದಲ್ಲಿಯೇ ಇರುತ್ತದೆ. ಮನೆಯಲ್ಲಿ ಜನರಿರುವಾಗಲೇ ಒಡೆದ ಒಂದು ಹೆಂಚನ್ನು ಬದಲಿಸಿದಂತೆ ಇದು.

ಈ ಮಾತುಕತೆಗೆ ಎಡಿಟರೇಕೆ ಎಂದು ಯಾರಾದರೂ ಕೇಳಬಹುದು. ಎಸ್‌ಬಿಸಿಎಲ್ ತೆರೆದ ಕಪ್ಪು ಪರದೆಯಲ್ಲಿಯೇ ನೇರವಾಗಿ ಬರೆಯುವುದು ಸಾಧ್ಯವೇನೋ ಹೌದು. ನಾನೂ ಮೊದಲ ವಾರ ಹಾಗೆಯೇ ಬರೆದೆ. ಹಿಂದಿನ ಸಾಲನ್ನು ತರಲು ಮೇಲ್ಮುಖದ ಬಾಣದ ಕೀಲಿ ಒತ್ತಿದರೆ ಸಾಲು ಬರಲಿಲ್ಲ, ಅರ್ಥವಿಲ್ಲದ ಚಿಹ್ನೆಗಳು ಬಂದವು. ಹತ್ತು ಸಾಲಿನ ಬರಹದಲ್ಲಿ ಒಂದು ಕಂಸ ತಪ್ಪಿದರೆ ಹತ್ತನ್ನೂ ಮತ್ತೆ ಬರೆಯಬೇಕಾಯಿತು. ಪರದೆ ಮುಚ್ಚಿದೊಡನೆ ಬರೆದುದೆಲ್ಲ ಹೋಯಿತು. ಆದುದರಿಂದ ಬರಹವನ್ನು ಕಡತದಲ್ಲಿ ಉಳಿಸಿಕೊಂಡು, ಅದರಿಂದ ಬೇಕಾದ ತುಂಡನ್ನು ಮಾತ್ರ ಲಿಸ್ಪಿಗೆ ಕಳುಹಿಸಿ, ಉತ್ತರವನ್ನು ಅಲ್ಲಿಯೇ ತೋರಿಸುವ ಎಡಿಟರು ಬೇಕು. ಎಡಿಟರಿಗೆ ಈ ಹೊಸ ಶಕ್ತಿಯನ್ನು ಕೊಡುವ ಜೋಡಣೆಯೇ ಪ್ಲಗಿನ್.

ಇಂತಹ ಪ್ಲಗಿನ್ನುಗಳು ಹಲವಿವೆ. ಅವುಗಳ ಗುಣಗಳ ಪಟ್ಟಿ ಓದಿದರೆ ಎಲ್ಲವೂ ಉತ್ತಮವೆಂದೇ ತೋರುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಮೇಲಿನ ಚೀಟಿಯನ್ನಷ್ಟೇ ನೋಡಿ ದರ ಹಾಕುವುದಿಲ್ಲ. ಹಿಡಿಯಷ್ಟು ಕಾಯಿಯನ್ನು ಕೈಗೆ ತೆಗೆದುಕೊಂಡು ಬಣ್ಣ, ಸುಕ್ಕು, ಹಸಿ ಇವುಗಳನ್ನು ಪರೀಕ್ಷಿಸುತ್ತಾರೆ. ನಾವೂ ನಮ್ಮ ಕೆಲಸದ ಒಂದು ಹಿಡಿಯನ್ನು ಪ್ಲಗಿನ್ನಿಗೆ ಕೊಟ್ಟು ಪರೀಕ್ಷಿಸಬೇಕು. ನಾನು ಕೊಟ್ಟದ್ದು ನಮ್ಮ ರೈಲು ದಾರಿಯ ಮೂರು ಊರುಗಳ ಹೆಸರುಗಳನ್ನು.

ಮೊದಲ ಪರೀಕ್ಷೆ, ಕನ್ನಡವು ಸರಿಯಾಗಿ ಕಾಣುವುದೇ ಎಂಬುದು. ಕಂಪ್ಯೂಟರಿನ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಕನ್ನಡಕ್ಕಾಗಿ ಮೀಸಲಿಟ್ಟ ಮನೆಗಳು 128. ಅಲ್ಲಿ ‘ಹಾ’ ಎಂಬುದು ಒಂದು ಅಕ್ಷರವಲ್ಲ. ‘ಹ’ ಒಂದು, ದೀರ್ಘದ ಚಿಹ್ನೆ ಇನ್ನೊಂದು. ಪ್ರೋಗ್ರಾಮಿನಲ್ಲಿ ಕನ್ನಡ ಹೆಸರುಗಳನ್ನು ಇಟ್ಟುಕೊಳ್ಳಲು ಎಸ್‌ಬಿಸಿಎಲ್ ಬಿಡುತ್ತದೆ. ಲಿಸ್ಪಿನ ಎಣಿಕೆಯ ಕ್ರಿಯೆಗೆ ‘ಎಣಿಸು’ ಎಂದು ಹೆಸರಿಟ್ಟು (ಎಣಿಸು "ಹಾವೇರಿ") ಎಂದು ಕಳುಹಿಸಿದರೆ ಬರುವ ಉತ್ತರ 6. ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ. ಬ್ಯಾಡಗಿ ಎಂಬಲ್ಲಿ ನಮಗೆ ಮೂರು, ಯಂತ್ರಕ್ಕೆ 7. ರಾಣೆಬೆನ್ನೂರು ಎಂಬಲ್ಲಿ ನಮಗೆ ಐದು, ಯಂತ್ರಕ್ಕೆ 12. ಹಾವೇರಿಯನ್ನು ಹಿಂದುಮುಂದಾಗಿ ಬರೆಯೆಂದರೆ ‘ರಿವೇಹಾ’ ಬರುವುದಿಲ್ಲ. ಮೊದಲಿಗೆ ನೆಲೆಯಿಲ್ಲದ ಒಂದು ಗುಡಿಸು, ಅದರ ಹಿಂದೆ ‘ರೇವಾಹ’ ಎಂದು ಬರುತ್ತದೆ. ಸ್ವರದ ಚಿಹ್ನೆಗಳು ತಮ್ಮ ಒಡೆಯರನ್ನು ಬಿಟ್ಟು ಪಕ್ಕದವರಿಗೆ ಅಂಟಿಕೊಂಡಿರುತ್ತವೆ. ಇಂತಹ ತಪ್ಪನ್ನು ಕಂಡು ತಿದ್ದಬೇಕಾದರೆ ಪರದೆಯ ಮೇಲೆ ಒತ್ತಕ್ಷರಗಳು ಒಡೆಯದೆ ಕಾಣಲೇಬೇಕು. ಪರದೆಯೇ ಒಡೆದು ತೋರಿಸಿದರೆ ತಪ್ಪು ಪ್ರೋಗ್ರಾಮಿನದೋ ಪರದೆಯದೋ ತಿಳಿಯುವ ಬಗೆಯಿಲ್ಲ.

ಎರಡನೆಯ ಪರೀಕ್ಷೆ, ಒಂದೇ ತುಂಡನ್ನು ತಿದ್ದಿ ಕಳುಹಿಸುವುದು ಸುಲಭವೇ ಎಂಬುದು. ಚಿಹ್ನೆಗಳನ್ನು ವ್ಯಂಜನಕ್ಕೆ ಕೂಡಿಸಿ ಅಕ್ಷರಗಳನ್ನಾಗಿ ಬಿಡಿಸುವ ಕ್ರಿಯೆಯನ್ನು ಬರೆದಾದ ಮೇಲೆ ‘ಮಾತ್ರೆ’ ಎಂಬ ಕ್ರಿಯೆಯನ್ನು ಬರೆದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಹಾವೇರಿಗೆ 5, ಬ್ಯಾಡಗಿಗೆ 4 ಎಂದು ಸರಿಯಾದ ಉತ್ತರ ಬಂದಿತು. ರಾಣೆಬೆನ್ನೂರಿಗೆ ಮಾತ್ರ 7 ಎಂದಿತು. ಕೈಯಲ್ಲಿ ಪ್ರಸ್ತಾರ ಹಾಕಿದರೆ ಗುರು, ಲಘು, ಗುರು, ಗುರು, ಲಘು, ಒಟ್ಟು 8. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದೆಂಬ ನಿಯಮವನ್ನು ನಾನು ಬರೆಯಲು ಮರೆತಿದ್ದೆ. ಆ ಒಂದು ಕ್ರಿಯೆಗೆ ಎರಡು ಸಾಲು ಸೇರಿಸಿ ಮತ್ತೆ ಕಳುಹಿಸಿದೆ, 8 ಬಂದಿತು. ಓದಿಸಿಟ್ಟಿದ್ದ ಪದ್ಯಗಳನ್ನು ಮತ್ತೆ ಓದಿಸಬೇಕಾಗಲಿಲ್ಲ. ಇದೇ ಊರನ್ನು ‘ರಾಣೇಬೆನ್ನೂರು’ ಎಂದು ಬರೆಯುವ ರೂಢಿಯೂ ಇದೆ, ಆಗ 9. ಒಂದು ಏತ್ವದ ದೀರ್ಘವು ಒಂದು ಮಾತ್ರೆಯನ್ನು ಹೆಚ್ಚಿಸುವುದು ಹೀಗೆ ಕಣ್ಣೆದುರಿಗೇ ಕಂಡಿತು.

ಮೂರನೆಯ ಪರೀಕ್ಷೆ, ಪ್ರೋಗ್ರಾಮು ನಿಂತುಹೋದಾಗ ಪ್ಲಗಿನ್ ಏನು ಮಾಡುತ್ತದೆ ಎಂಬುದು. ಇನ್ನೂ ಬರೆಯದ ಕ್ರಿಯೆಯನ್ನು ಕರೆದರೆ ಲಿಸ್ಪ್ ಅಲ್ಲಿಯೇ ನಿಂತು ಮುಂದಿನ ದಾರಿಗಳನ್ನು ಸಂಖ್ಯೆ ಹಾಕಿ ಮುಂದಿಡುತ್ತದೆ. ಒಳ್ಳೆಯ ಪ್ಲಗಿನ್ನು ಆ ಪಟ್ಟಿಯನ್ನು ಬೇರೊಂದು ಕಿಟಕಿಯಲ್ಲಿ ತೋರಿಸುತ್ತದೆ. ನಾವು ಕಡತಕ್ಕೆ ಹೋಗಿ, ಇಲ್ಲದ ಕ್ರಿಯೆಯನ್ನು ಬರೆದು ಕಳುಹಿಸಿ, ‘ಮತ್ತೆ ಕರೆ’ ಎಂಬ ದಾರಿಯನ್ನು ಆರಿಸಿದರೆ ಪ್ರೋಗ್ರಾಮು ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಹೊಸಬರಿಗೆ ತಪ್ಪಿನ ಭಯವನ್ನು ಕಳೆಯುವ ಗುಣ ಇದಕ್ಕಿಂತ ಬೇರೊಂದಿಲ್ಲ.

ಈಗ ಒಂದೊಂದನ್ನಾಗಿ ನೋಡೋಣ.

ಎಮ್ಯಾಕ್ಸ್ ಎಂಬ ಎಡಿಟರಿನ ಹುಟ್ಟು 1976ರಲ್ಲಿ, ಎಂ.ಐ.ಟಿ.ಯಲ್ಲಿಯೇ. ಇಂದು ನಾವು ಬಳಸುವ ಗ್ನೂ ಎಮ್ಯಾಕ್ಸನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದರು. ಅದರ ಬಹುಭಾಗ ಲಿಸ್ಪಿನದೇ ಒಂದು ಕವಲಿನಲ್ಲಿ ಬರೆದದ್ದು. 2020ರ 27ನೆಯ ಆವೃತ್ತಿಯಿಂದ ಅದು ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುತ್ತದೆ. ಒಳ್ಳೆಯ ಕನ್ನಡ ಫಾಂಟು ಇದ್ದರೆ ಒತ್ತಕ್ಷರಗಳು ಒಡೆಯುವುದಿಲ್ಲ. ಕಂಟ್ರೋಲ್ ಕೀಲಿಯೊಡನೆ ‘ಎಚ್’ ಒತ್ತಿ, ಕೈಬಿಟ್ಟು ಮತ್ತೊಮ್ಮೆ ‘ಎಚ್’ ಒತ್ತಿದರೆ ಹಲವು ಭಾಷೆಗಳ ವಂದನೆಗಳ ಪುಟ ತೆರೆಯುತ್ತದೆ. ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಅಲ್ಲಿ ‘ಸ್ಕಾ’ ಸರಿಯಾಗಿ ಕಂಡರೆ ಮೊದಲ ಪರೀಕ್ಷೆ ಮುಗಿದಂತೆ. ಇಂಗ್ಲಿಷ್ ಕೀಲಿಗಳಿಂದ ಕನ್ನಡ ಬರೆಯುವ ಐಟ್ರಾನ್ಸ್ ಕ್ರಮವೂ ಎಮ್ಯಾಕ್ಸಿನೊಳಗೇ ಇದೆ.

ಯಾವ ಪ್ಲಗಿನ್ನನ್ನೂ ಹಾಕದೆ ಎಮ್ಯಾಕ್ಸಿನಲ್ಲಿ ಲಿಸ್ಪನ್ನು ನಡೆಸುವ ಸರಳ ವ್ಯವಸ್ಥೆಯ ಹೆಸರು ‘ಇನ್ಫೀರಿಯರ್ ಲಿಸ್ಪ್’. ಕೀಳು ಎಂಬ ಅರ್ಥದಲ್ಲಲ್ಲ, ಎಡಿಟರಿನ ಅಧೀನದಲ್ಲಿ ನಡೆಯುವುದು ಎಂಬ ಅರ್ಥದಲ್ಲಿ. 2003ರಲ್ಲಿ ಆರಂಭವಾದ ‘ಸ್ಲೈಮ್’ ಎಂಬ ಪ್ಲಗಿನ್ನು ಇದನ್ನು ಗಮನಿಸಿಯೇ ತನ್ನ ಪೂರ್ಣ ಹೆಸರಿನಲ್ಲಿ ‘ಸುಪೀರಿಯರ್’ ಎಂದು ಸೇರಿಸಿಕೊಂಡಿದೆ. ಸ್ಲೈಮಿಗೆ ಎರಡು ಭಾಗ. ಒಂದು ಎಮ್ಯಾಕ್ಸಿನೊಳಗೆ ಇರುತ್ತದೆ. ‘ಸ್ವ್ಯಾಂಕ್’ ಎಂಬ ಇನ್ನೊಂದು ಭಾಗ ಲಿಸ್ಪಿನೊಳಗೆ ಇರುತ್ತದೆ. ಇವೆರಡೂ ಸಾಮಾನ್ಯವಾಗಿ 4005 ಎಂಬ ಸಂಖ್ಯೆಯ ಪೋರ್ಟಿನ ಮೂಲಕ ಮಾತಾಡಿಕೊಳ್ಳುತ್ತವೆ. ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಎರಡೂ ಕಡೆಗಳಲ್ಲಿ ಯುಟಿಎಫ್-8 ಎಂಬ ಸಂಕೇತಕ್ರಮ ಇದೆಯೇ ಎಂದು ಮೊದಲು ನೋಡಬೇಕು. ಮೇಲೆ ಹೇಳಿದ ಮೂರು ಪರೀಕ್ಷೆಗಳಲ್ಲಿಯೂ ಸ್ಲೈಮ್ ಗೆಲ್ಲುತ್ತದೆ.

‘ಸ್ಲೈ’ ಎಂಬುದು ಸ್ಲೈಮಿನಿಂದಲೇ ಕವಲೊಡೆದದ್ದು. ಕೀಲಿಗಳು ಬಹುಮಟ್ಟಿಗೆ ಅವೇ. ಇದರ ವಿಶೇಷ ‘ಸ್ಟಿಕರ್’. ಬರಹದ ಒಂದು ತುಂಡಿಗೆ ಸ್ಟಿಕರ್ ಅಂಟಿಸಿ ಪ್ರೋಗ್ರಾಮನ್ನು ಓಡಿಸಿದರೆ ಆ ತುಂಡಿಗೆ ಬಂದ ಬೆಲೆಗಳನ್ನೆಲ್ಲ ಆಮೇಲೆ ಒಂದೊಂದಾಗಿ ನೋಡಬಹುದು. ಹದಿನಾಲ್ಕು ಮಾತ್ರೆ ಬರಬೇಕಾದಲ್ಲಿ ಹದಿಮೂರು ಬಂದರೆ, ಯಾವ ಅಕ್ಷರದಲ್ಲಿ ಒಂದು ಮಾತ್ರೆ ತಪ್ಪಿಹೋಯಿತು ಎಂದು ಹುಡುಕಲು ಇದು ಬಹಳ ಅನುಕೂಲ. ಆದರೆ ಸ್ಲೈಮ್, ಸ್ಲೈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಗೊಂದಲಕ್ಕೆ ದಾರಿ, ಒಂದನ್ನು ಆರಿಸಬೇಕು.

ವಿಮ್ ಎಡಿಟರನ್ನು ಬಲ್ಲವರಿಗೆ ‘ಸ್ಲಿಮ್ವ್’ ಮತ್ತು ‘ವ್ಲೈಮ್’ ಎಂಬ ಎರಡಿವೆ. ಎರಡೂ ಸ್ವ್ಯಾಂಕಿನೊಡನೆಯೇ ಮಾತಾಡುತ್ತವೆ. ಸ್ಲಿಮ್ವ್‌ಗೆ ಪೈಥಾನ್ ಸೌಲಭ್ಯವುಳ್ಳ ವಿಮ್ ಬೇಕು. ವಿಮ್ ಹಗುರವಾದುದು, ಹಳೆಯ ಯಂತ್ರದಲ್ಲಿಯೂ ಓಡುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ಟರ್ಮಿನಲ್ಲಿನಲ್ಲಿ ಬಳಸುವುದು ವಾಡಿಕೆ. ಟರ್ಮಿನಲ್ಲು ಪ್ರತಿಯೊಂದು ಚಿಹ್ನೆಯನ್ನೂ ಒಂದೇ ಅಳತೆಯ ಮನೆಗಳಲ್ಲಿ ಕೂರಿಸಲು ಹೋಗುವುದರಿಂದ ಅನೇಕ ವೇಳೆ ನಮ್ಮ ಒತ್ತಕ್ಷರಗಳು ಒಡೆಯುತ್ತವೆ. ಅಂಕಿಗಳ ಕೆಲಸಕ್ಕೆ ಇದು ದೋಷವಲ್ಲ, ಕನ್ನಡದ ಕೆಲಸಕ್ಕೆ ದೊಡ್ಡ ದೋಷ.

ವಿಎಸ್ ಕೋಡ್ ಎಂಬ ಎಡಿಟರಿಗೆ ‘ಅಲೈವ್’ ಎಂಬ ಪ್ಲಗಿನ್ನಿದೆ. ಇಲ್ಲಿ ಕನ್ನಡವು ಚೆನ್ನಾಗಿ ಕಾಣುತ್ತದೆ. ಮೌಸ್ ಹಿಡಿದು ರೂಢಿಯಾದವರಿಗೆ ಬೇಗ ಒಗ್ಗುತ್ತದೆ. ಆದರೆ ಆ ಎಡಿಟರು ಬ್ರೌಸರಿನ ತಿರುಳನ್ನೇ ಹೊಟ್ಟೆಯಲ್ಲಿಟ್ಟುಕೊಂಡಿರುವುದರಿಂದ ಕಡಿಮೆ ಮೆಮೊರಿಯ ಯಂತ್ರಗಳಿಗೆ ಭಾರ. ನನ್ನದು ಕೈಬದಲಾಗಿ ಬಂದ ಹಳೆಯ ಲ್ಯಾಪ್‌ಟಾಪು. ನಾನು ಎಮ್ಯಾಕ್ಸಿನ ಕಡೆಗೆ ವಾಲಿದುದಕ್ಕೆ ಇದೂ ಒಂದು ಕಾರಣ. ಹೊಸ ಯಂತ್ರವುಳ್ಳವರು, ಈಗಾಗಲೇ ವಿಎಸ್ ಕೋಡ್ ಬಲ್ಲವರು, ಅಲೈವಿನಿಂದಲೇ ಆರಂಭಿಸಿದರೆ ತಪ್ಪಿಲ್ಲ.

ಕಂಸಗಳ ವಿಚಾರವನ್ನೂ ಹೇಳಬೇಕು. ಲಿಸ್ಪಿನಲ್ಲಿ ಕಂಸಗಳು ಬಹಳ. ಜೋಡಿ ಕಂಸ ಯಾವುದೆಂದು ತೋರಿಸುವ ಸೌಲಭ್ಯ 2022ರ 28ನೆಯ ಆವೃತ್ತಿಯಿಂದ ಎಮ್ಯಾಕ್ಸಿನಲ್ಲಿ ತಾನಾಗಿಯೇ ಇದೆ. ‘ಪ್ಯಾರೆಡಿಟ್’ ಎಂಬ ಪ್ಲಗಿನ್ನು ಒಂದು ಹೆಜ್ಜೆ ಮುಂದೆ ಹೋಗಿ, ಜೋಡಿ ತಪ್ಪುವಂತೆ ಕಂಸವನ್ನು ಅಳಿಸಗೊಡುವುದಿಲ್ಲ. ಪಳಗಿದವರಿಗೆ ಇದು ವರ; ಹೊಸಬರಿಗೆ ಕೀಲಿಯೇ ಕೆಟ್ಟಿತೇನೋ ಎಂಬ ಅನುಮಾನ ಬರುತ್ತದೆ. ಮೊದಲ ತಿಂಗಳು ಇದನ್ನು ದೂರವಿಡುವುದು ಲೇಸು.

ಹೀಗೆ ನೋಡಿದ ಮೇಲೆ ಕನ್ನಡ ಬರಹದ ಕೆಲಸಕ್ಕೆ ನನ್ನ ಸೂಚನೆ ಇಷ್ಟು. ಕಿಟಕಿಯಲ್ಲಿ ತೆರೆಯುವ ಎಮ್ಯಾಕ್ಸ್, ಎಸ್‌ಬಿಸಿಎಲ್, ಸ್ಲೈಮ್ ಈ ಮೂರರಿಂದ ಆರಂಭಿಸಿರಿ. ಒಂದು ಕ್ರಿಯೆಯನ್ನು ಕಳುಹಿಸುವುದು, ಉತ್ತರದ ಕಿಟಕಿಗೆ ಹೋಗುವುದು, ಕ್ರಿಯೆ ಎಲ್ಲಿ ಬರೆದಿದೆಯೋ ಅಲ್ಲಿಗೆ ನೆಗೆಯುವುದು, ನಿಂತಾಗ ದಾರಿ ಆರಿಸುವುದು: ಈ ನಾಲ್ಕಕ್ಕೆ ಬೇಕಾದ ಕೀಲಿಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ತಪ್ಪನ್ನು ಹುಡುಕುವುದು ಕಷ್ಟವಾದ ದಿನ ಸ್ಲೈಗೆ ಹೋಗಿರಿ. ಕಂಸಗಳು ಕೈಗೆ ಕೂತ ದಿನ ಪ್ಯಾರೆಡಿಟ್ ಸೇರಿಸಿರಿ. ಯಾವ ಕೊರತೆಗಾಗಿ ಸೇರಿಸುತ್ತಿದ್ದೇವೆ ಎಂದು ಹೇಳಲಾಗದಿದ್ದರೆ ಆ ಪ್ಲಗಿನ್ನು ಬೇಡ. ನಾನು ಮೊದಲು ಎಂಟು ಹತ್ತನ್ನು ತುಂಬಿ, ಯಾವುದು ಯಾವುದರೊಡನೆ ಜಗಳವಾಡುತ್ತಿದೆಯೆಂದು ತಿಳಿಯದೆ ಎರಡು ಭಾನುವಾರಗಳನ್ನು ಕಳೆದೆ.

ಯಂತ್ರದ ಮಿತಿಯನ್ನೂ ಮರೆಯಬಾರದು. ಶಿಥಿಲದ್ವಿತ್ವ ಬಂದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವು ಲಘುವಾಗಿಯೇ ಉಳಿಯುತ್ತದೆ. ಅದು ಎಲ್ಲೆಲ್ಲಿ ಎಂಬುದನ್ನು ನನ್ನ ಪ್ರೋಗ್ರಾಮು ಅರಿಯದು. ಓದಿ ಬಲ್ಲವರು ಹೇಳಿಕೊಡಬೇಕು. ಒಟ್ಟು ಮಾತ್ರೆ ಸರಿಯಿದ್ದು ಗಣವಿಭಾಗ ತಪ್ಪಿದ್ದರೂ ಅದು ಈಗ ಗುರುತಿಸುವುದಿಲ್ಲ, ಆದಿಪ್ರಾಸವನ್ನೂ ನೋಡುವುದಿಲ್ಲ. ಇವು ಮುಂದಿನ ಕೆಲಸಗಳು. ಕನ್ನಡ ವಿಭಾಗದ ಗುರುಗಳು ಶಿಥಿಲದ್ವಿತ್ವದ ಪದಗಳ ಪಟ್ಟಿಯೊಂದನ್ನು ಮಾಡಿಕೊಟ್ಟರೆ ಅದನ್ನು ಪ್ರೋಗ್ರಾಮಿಗೆ ಸೇರಿಸಬಹುದು. ಛಂದಸ್ಸು ಬಲ್ಲ ಗೆಳೆಯರು ಯಾರಾದರೂ ಜೊತೆಗೆ ಕುಳಿತರೆ, ಅವರು ನಿಯಮ ಹೇಳುತ್ತಿರುವಂತೆಯೇ ಬರೆದು, ಕಳುಹಿಸಿ, ಉತ್ತರ ನೋಡಬಹುದು. ಲಿಸ್ಪನ್ನು ಆರಿಸಿಕೊಂಡ ಉದ್ದೇಶವೂ ಅದೇ ಆಗಿತ್ತು.