ಏಳು ವೈರು, ಒಂದು ಸ್ವಿಚ್ಚು

ಹಳೇ ಬೈಕೊಂದನ್ನು ಗ್ಯಾರೇಜಿನಲ್ಲಿ ಬಿಚ್ಚಿಟ್ಟುಕೊಂಡು ಕೂತಿರುವ ಕೇಳುಗರೊಬ್ಬರ ಪ್ರಶ್ನೆ ಇದು: ತರಿಸಿದ ಹ್ಯಾಂಡಲ್ ಸ್ವಿಚ್ಚಿನಿಂದ ಏಳು ವೈರು ಹೊರಗೆ ಬಂದಿವೆ, ಜೊತೆಗೆ ಒಂದು ಚೀಟಿಯೂ ಇಲ್ಲ. ಯಾವುದು ಎಲ್ಲಿಗೆ?

ಮೊದಲು ಹೇಳಿಬಿಡ್ತೀನಿ, ಬಣ್ಣ ನಂಬಬೇಡಿ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಸ್ವಿಚ್ಚನ್ನು ಯಾವುದಕ್ಕೂ ಜೋಡಿಸದೆ, ಮಲ್ಟಿಮೀಟರನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ ಎರಡೆರಡೇ ವೈರು ಹಿಡಿದು ನೋಡಿ. ಎಡಕ್ಕೆ ತಳ್ಳಿದಾಗಲೂ ಬಲಕ್ಕೆ ತಳ್ಳಿದಾಗಲೂ ಬೀಪ್ ಕೊಡೋ ವೈರೇ ಇಂಡಿಕೇಟರಿನ ಕಾಮನ್. ಅದಕ್ಕೆ ಫ್ಲಾಶರಿನಿಂದ ಬಂದ ವೈರು ಕೊಡಬೇಕು, ಉಳಿದೆರಡು ಎಡ ಬಲದ ಬಲ್ಬುಗಳಿಗೆ. ಫ್ಲಾಶರ್ ಸ್ವಿಚ್ಚಿಗಿಂತ ಮೊದಲೇ ಇರೋದ್ರಿಂದ ಎರಡೂ ಬದಿಗೆ ಒಂದೇ ಸಾಕು. ಹೆಡ್‌ಲೈಟಿನ ಡಿಪ್ಪರ್‌ಗೂ ಇದೇ ಲೆಕ್ಕ, ಮೂರು ವೈರು. ಒಟ್ಟು ಆರಾಯ್ತು.

ಏಳನೆಯದು ಹಾರ್ನಿಂದು. ನಾನು ಬೆಪ್ಪಾಗಿದ್ದು ಇಲ್ಲೇ. ಗುಂಡಿಗೆ ಒಂದೇ ವೈರು ಇದೆ ಅಂದರೆ ಇನ್ನೊಂದು ತುದಿ ಒಳಗೇ ಹ್ಯಾಂಡಲ್ಲಿನ ಲೋಹಕ್ಕೆ, ಅಂದರೆ ಅರ್ತ್‌ಗೆ ಸೇರಿದೆ ಅಂತ. ಇಂಥ ಕಡೆ ಪ್ಲಸ್ ಹೋಗಬೇಕಾದ್ದು ನೇರ ಹಾರ್ನಿಗೆ. ಗುಂಡಿಯ ವೈರು ಹಾರ್ನಿನ ಇನ್ನೊಂದು ಕಾಲಿಗೆ. ನಾನು ಬ್ಯಾಟರಿಯ ಪ್ಲಸ್ಸನ್ನೇ ಗುಂಡಿಗೆ ಕೊಟ್ಟಿದ್ದೆ. ಒತ್ತಿದ ತಕ್ಷಣ ಶಾರ್ಟ್. ಫ್ಯೂಸ್ ಇತ್ತು, ಹಾರಿತು, ಅಷ್ಟೇ. ಇಲ್ಲದಿದ್ದರೆ ಆ ವೈರು ಕೆಂಪಗೆ ಕಾಯುತ್ತಿದ್ದದ್ದು ಪೆಟ್ರೋಲ್ ಟ್ಯಾಂಕಿನ ಕೆಳಗೆ! ಹಾಗಾಗಿ ಫ್ಯೂಸನ್ನು ಬ್ಯಾಟರಿಗೆ ಎಷ್ಟು ಹತ್ತಿರ ಹಾಕಲು ಆಗುತ್ತೋ ಅಷ್ಟು ಹತ್ತಿರ ಹಾಕಿ.

ಈಗ ಹೆಡ್‌ಲೈಟು. 12 ವೋಲ್ಟಿನಲ್ಲಿ 60 ವಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತೆ. ಸ್ವಿಚ್ಚಿನ ಪುಟ್ಟ ತಾಮ್ರದ ತುಂಡು ಸವೆದು, ಮಾಸಿ, ಅಲ್ಲಿ ಬರೀ 0.1 ಓಮ್ ರೋಧ ಹುಟ್ಟಿತು ಅಂತಿಟ್ಟುಕೊಳ್ಳಿ. ಕರೆಂಟನ್ನು ಅದರಿಂದಲೇ ಗುಣಿಸಿ ರೋಧದಿಂದ ಗುಣಿಸಿದರೆ ಶಾಖ: 5 ಸಲ 5, ಸಲ 0.1, ಎರಡೂವರೆ ವಾಟು. ಅಷ್ಟು ಬಿಸಿ ಬಟಾಣಿಗಿಂತ ಚಿಕ್ಕ ಜಾಗದಲ್ಲಿ! ಪ್ಲಾಸ್ಟಿಕ್ ಮೆತ್ತಗಾಗುತ್ತೆ, ಬಿಸಿಗೆ ರೋಧ ಇನ್ನೂ ಏರುತ್ತೆ, ಒಂದು ರಾತ್ರಿ ತಿರುವಿನಲ್ಲಿ ದೀಪ ಆರುತ್ತೆ.

ಇದಕ್ಕೆ ಮದ್ದು ರಿಲೇ, ಹೈ ಬೀಮಿಗೊಂದು ಲೋ ಬೀಮಿಗೊಂದು. ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರು ರಿಲೇ ಮೂಲಕ ಬಲ್ಬಿಗೆ ಹೋಗಲಿ. ಸ್ವಿಚ್ಚು ರಿಲೇಯ ಸುರುಳಿಯನ್ನಷ್ಟೇ ಎಬ್ಬಿಸಲಿ. ಸುರುಳಿಗೆ ಬೇಕಾದ್ದು ಹೆಚ್ಚುಕಡಿಮೆ 0.15 ಆಂಪಿಯರ್. ಕರೆಂಟು ಮೂವತ್ತರಲ್ಲೊಂದು ಪಾಲಾದರೆ ಶಾಖ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತೆ, ಅದು ವರ್ಗದ ಮಹಿಮೆ. ದೀಪವೂ ಮೊದಲಿಗಿಂತ ಪ್ರಖರ.

ಎಲ್‌ಇಡಿ ಇಂಡಿಕೇಟರ್ ಹಾಕಿದವರಿಗೆ ಒಂದು ಮಾತು. ಹಳೇ ಫ್ಲಾಶರಿನಲ್ಲಿ ಕರೆಂಟಿನ ಬಿಸಿಗೆ ಬಾಗುವ ಲೋಹದ ಪಟ್ಟಿ ಇರುತ್ತೆ. ಎಲ್‌ಇಡಿ ಎಳೆಯೋ ಚೂರು ಕರೆಂಟಿಗೆ ಅದು ಜಗ್ಗಲ್ಲ. ಎಲೆಕ್ಟ್ರಾನಿಕ್ ಫ್ಲಾಶರ್ ತಂದುಬಿಡಿ.

ಟೇಪು ಸುತ್ತೋ ಮುಂಚೆ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ತಿರುಗಿಸಿ, ತಿರುಗಿಸುತ್ತಲೇ ಹಾರ್ನ್ ಒತ್ತಿ. ಮಧ್ಯೆ ಎಲ್ಲಾದರೂ ಸದ್ದು ನಿಂತರೆ ವೈರು ಅಲ್ಲೇ ಎಳೆಯುತ್ತಿದೆ. ನಾಲ್ಕು ಬೆರಳು ಸಡಿಲ ಬಿಡಿ. ಅಕ್ಕಪಕ್ಕದವರು ಮಲಗಿರೋ ಹೊತ್ತಲ್ಲಿ ಮಾತ್ರ ಬೇಡ.